ಇಪ್ಪತ್ತಮೂರು ದಿನ ಕಡಿಮೆ ಬಿದ್ದ ಕಾರು

ನಮ್ಮ ಮನೆ ಮುಂದೆ ನಿಂತಿರುವ ಕಾರಿನ ಸ್ಟೀರಿಂಗ್ ತಪ್ಪು ಬದಿಯಲ್ಲಿದೆ. ಪಕ್ಕದ ಸೀಟು ಅಂದುಕೊಂಡು ಬಾಗಿಲು ತೆಗೆದವರು ಸ್ಟೀರಿಂಗ್ ಕಂಡು ಅಯ್ಯೋ ಅಂತ ನಕ್ಕು, ಸುತ್ತು ಹಾಕಿಕೊಂಡು ಆಚೆ ಕಡೆಗೆ ಬರುತ್ತಾರೆ. ಕೂತ ಮೇಲೆ ಎರಡು ಪ್ರಶ್ನೆ ಖಾಯಂ. ಎಲ್ಲಿಂದ ತಂದ್ರಿ? ಎಷ್ಟು ಬಿತ್ತು? ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ. ಎರಡನೆಯದು ಬಂದಾಗ ಕಿಟಕಿ ಗಾಜು ಇಳಿಸಿ ಬೇರೆ ಮಾತು ತೆಗೆಯುತ್ತೇನೆ. ಈ ಬರಹ ಆ ಎರಡನೆಯ ಪ್ರಶ್ನೆಗೆ.

ಇಲ್ಲಿ ಮಾತ್ರ ಯಾವ ದೇಶದಿಂದ ಯಾವ ದೇಶಕ್ಕೆ ಅಂತ ಬೇಕೆಂದೇ ಬರೆಯುತ್ತಿಲ್ಲ. ಹೆಸರು ಹೇಳಿದ ಕೂಡಲೇ ಓದುವವರು 'ಓ, ಅಲ್ಲಿ ಹಾಗಾ, ನಮ್ಮಲ್ಲಿ ಬೇರೆ' ಅಂತ ಮುಂದೆ ಹೋಗಿಬಿಡುತ್ತಾರೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ನಿಜ. ಆದರೆ ಎಡವುವ ಜಾಗ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಇಷ್ಟು ಗೊತ್ತಿದ್ದರೆ ಸಾಕು: ನಾವು ನೆಲೆಸಿರುವ ದೇಶ ಒಂದು, ಕೆಲಸದ ಮೇಲೆ ಮೂರು ವರ್ಷ ಹೋಗಿದ್ದ ದೇಶ ಇನ್ನೊಂದು. ಒಂದರಲ್ಲಿ ಗಾಡಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ವಾಪಸ್ ಬರುವಾಗ ಸಾಮಾನಿನ ಜೊತೆ ಕಾರೂ ಬಂತು.

ಅಲ್ಲಿಗೆ ಹೋದ ಹೊಸದರಲ್ಲಿ ಒಂದು ಸಾಧಾರಣ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದೆವು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಓಡಿತು, ಎರಡು ವರ್ಷ ಓಡಿತು, ಮಾರಿದೆವು. ಅದನ್ನು ಮನೆಗೆ ತರುವ ಯೋಚನೆ ಯಾರಿಗೂ ಬರಲಿಲ್ಲ. ತಮಾಷೆ ಅಂದರೆ, ತರುವುದಾದರೆ ಅದನ್ನೇ ತರಬೇಕಿತ್ತು. ಅದು ಎರಡು ವರ್ಷ ನಮ್ಮ ಹೆಸರಲ್ಲಿತ್ತು, ಒಂದು ಪೈಸೆ ಸುಂಕ ಬೀಳುತ್ತಿರಲಿಲ್ಲ. ಇದು ನನಗೆ ಗೊತ್ತಾಗಿದ್ದು ಅದನ್ನು ಮಾರಿ ಎಷ್ಟೋ ತಿಂಗಳಾದ ಮೇಲೆ.

ಎರಡನೆಯದು ಬೇರೆ ಥರ. ಹನ್ನೊಂದು ವರ್ಷ ಹಳೆಯ ಉದ್ದ ಬೆನ್ನಿನ ವ್ಯಾಗನ್. ಡೀಸೆಲ್ ಎಂಜಿನ್, ಕೈಯಲ್ಲಿ ಹಾಕುವ ಗೇರು, ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ. ನಾವು ನೆಲೆಸಿರುವ ದೇಶದಲ್ಲಿ ಈ ಮಾದರಿ ಮಾರಾಟಕ್ಕೇ ಬಂದಿರಲಿಲ್ಲ. ಸಿಗದ ವಸ್ತು ಕಣ್ಣಿಗೆ ಬಿದ್ದರೆ ಬುದ್ಧಿ ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ, ಅಲ್ವಾ. ಹೆಂಡತಿ ಮಾತ್ರ ಕಾರಿನ ಸುತ್ತ ಒಂದು ಸಲ ಓಡಾಡಿ, 'ರೀ, ಇನ್ನು ಆರು ತಿಂಗಳಿಗೆ ಹೊರಡ್ತೀವಿ, ಇದನ್ನ ಏನ್ಮಾಡ್ತೀರಿ?' ಅಂದಳು. 'ತಗೊಂಡು ಹೋಗೋಣ' ಅಂದೆ, ಸೂಟ್‌ಕೇಸ್ ಬಗ್ಗೆ ಹೇಳುವ ಹಾಗೆ.

ಕಾರನ್ನು ಮಾತ್ರ ಚೆನ್ನಾಗಿಯೇ ನೋಡಿದೆ. ಪರದೇಶದಲ್ಲಿ ಹಳೆ ಕಾರು ನೋಡುವಾಗ ಆ ಊರಿನ ಹವಾಮಾನವನ್ನೂ ನೋಡಬೇಕು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಕಡೆ ಓಡಿದ ಕಾರು ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ, ಕೆಳಗೆ ಬ್ರೇಕ್ ಪೈಪು, ಸಸ್ಪೆನ್ಷನ್ ಕೂರುವ ಜಾಗ ಎಲ್ಲ ತುಕ್ಕು ತಿಂದಿರುತ್ತದೆ. ನೆರೆ ಬರುವ ಕಡೆಯದಾದರೆ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆ ತುದಿ ನೋಡಬೇಕು. ನೀರಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಸುರುಳಿ ಒಳಗಿನ ಆ ಕೊನೆಯ ತುಂಡಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಓಡೋಮೀಟರನ್ನು ನಾನು ನಂಬುವುದೇ ಇಲ್ಲ. ಬ್ರೇಕ್ ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಅಂಚು, ಹಳೆ ಸರ್ವೀಸ್ ಬಿಲ್ಲುಗಳಲ್ಲಿ ಬರೆದ ಕಿಲೋಮೀಟರ್, ಈ ಮೂರೂ ಒಂದೇ ಕಥೆ ಹೇಳಬೇಕು. ಕಾರಿನ ಮೇಲೆ ಹಿಂದಿನವರ ಸಾಲ ಬಾಕಿ ಇದೆಯಾ ಅಂತಲೂ ನೋಡಿದೆ. ಎಷ್ಟೋ ದೇಶಗಳಲ್ಲಿ ಸಾಲ ಮನುಷ್ಯನಿಗಲ್ಲ, ಕಾರಿಗೇ ಅಂಟಿಕೊಂಡಿರುತ್ತದೆ. ಬಾಕಿ ಇರುವ ಕಾರು ಕೊಂಡರೆ ಬ್ಯಾಂಕಿನವರು ಬಂದು ನಿಮ್ಮ ಮನೆ ಮುಂದಿನಿಂದ ಎಳೆದುಕೊಂಡು ಹೋಗಬಹುದು.

ಇಷ್ಟೆಲ್ಲ ನೋಡಿದವನು ಒಂದನ್ನು ಮಾತ್ರ ನೋಡಲಿಲ್ಲ. ಮಾರಾಟದ ಬಿಲ್ಲಿನಲ್ಲಿ ಚಾಸಿ ನಂಬರ್ ಹೇಗೆ ಬರೆದಿದ್ದಾರೆ ಅಂತ.

ಈ ಕಾಲದ ಕಾರುಗಳ ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿ ಸೇರಿ ಇರುತ್ತವೆ. 1981ರಲ್ಲಿ ಅಮೆರಿಕ ಇದನ್ನು ಕಡ್ಡಾಯ ಮಾಡಿತು, ಈಗ ಜಗತ್ತಿನ ಬಹುಪಾಲು ಕಾರುಗಳಿಗೆ ಇದೇ ಕ್ರಮ. ಮೊದಲ ಅಕ್ಷರ ಎಲ್ಲಿಯದು ಅಂತ ಹೇಳುತ್ತದೆ. ಜೆ ಅಂದರೆ ಜಪಾನ್, ಡಬ್ಲ್ಯೂ ಅಂದರೆ ಜರ್ಮನಿ. ಇದರಲ್ಲಿ ಮೂರು ಅಕ್ಷರಗಳಿಗೆ ಮಾತ್ರ ಜಾಗವೇ ಇಲ್ಲ: ಐ, ಓ, ಕ್ಯೂ. ಒಂದು, ಸೊನ್ನೆ ಅನ್ನುವ ಅಂಕಿಗಳ ಜೊತೆ ಗೊಂದಲ ಆಗಬಾರದು ಅಂತ. ನನಗೆ ಮಾರಿದ ವ್ಯಾಪಾರಿ ಬಿಲ್ಲಿನಲ್ಲಿ ಸೊನ್ನೆಯ ಜಾಗದಲ್ಲಿ ಓ ಅಂತ ಟೈಪ್ ಮಾಡಿದ್ದ. ಕಣ್ಣಿಗೆ ಎರಡೂ ಒಂದೇ. ನೋಂದಣಿ ಕಚೇರಿಯ ಕಂಪ್ಯೂಟರಿಗೆ ಒಂದೇ ಅಲ್ಲ. ಇಂಥ ನಂಬರಿನ ಕಾರು ಭೂಮಿಯ ಮೇಲೆ ಇರಲು ಸಾಧ್ಯವೇ ಇಲ್ಲ ಅಂತ ಅದು ಅರ್ಜಿ ವಾಪಸ್ ಕಳಿಸಿತು. ಅಂಗಡಿಗೆ ಹೋದರೆ ಬಿಲ್ಲು ಮಾಡುವವರು ರಜೆಯಲ್ಲಿ. ಬಂದ ಮೇಲೆ ಹೊಸ ಬಿಲ್ಲು ಕೊಟ್ಟರು, ಅದರಲ್ಲಿ ನಂಬರ್ ಸರಿ ಇತ್ತು, ನನ್ನ ಹೆಸರು ತಪ್ಪಿತ್ತು. ಮತ್ತೆ ಅರ್ಜಿ, ಮತ್ತೆ ಸರದಿ. ದುಡ್ಡು ಕೊಟ್ಟ ದಿನದಿಂದ ಕಾರು ನನ್ನ ಹೆಸರಿಗೆ ಆಗುವ ಹೊತ್ತಿಗೆ 33 ದಿನ ಕಳೆದಿತ್ತು. ಅಷ್ಟು ದಿನವೂ ಕಾರು ಅವನ ಅಂಗಳದಲ್ಲೇ ನಿಂತಿತ್ತು. ನಾನು ಸಿಟ್ಟು ಮಾಡಿಕೊಂಡೆ, ಮರೆತೆ. 33 ದಿನ ಅಂದರೆ ಏನು ಮಹಾ ಅಂದುಕೊಂಡೆ.

ಕಾರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯುವಾಗ ಕಸ್ಟಮ್ಸ್‌ನವರು ಎಂಜಿನ್ ಶಬ್ದ ಕೇಳುವುದಿಲ್ಲ. ಅವರು ಕೇಳುವುದು ಮೂರು ತಾರೀಖು. ಕಾರು ತಯಾರಾದದ್ದು ಯಾವಾಗ, ನಿಮ್ಮ ಹೆಸರಿಗೆ ಬಂದದ್ದು ಯಾವಾಗ, ನೀವು ಆ ದೇಶದಲ್ಲಿ ವಾಸ ಶುರು ಮಾಡಿ ಬಿಟ್ಟದ್ದು ಯಾವಾಗ. ಈ ಮೂರು ಸರಿ ಕೂತರೆ ಲಡಕಾಸಿ ಗಾಡಿಯೂ ಸಲೀಸಾಗಿ ಒಳಗೆ ಬರುತ್ತದೆ. ಕೂರದಿದ್ದರೆ ಹೊಸದರ ಹಾಗಿರುವ ಕಾರೂ ಬಂದರಿನಲ್ಲೇ ಕೊಳೆಯುತ್ತದೆ.

ಮೊದಲ ತಾರೀಖಿನದೇ ಒಂದು ದೊಡ್ಡ ಪ್ರಪಂಚ. ಅಮೆರಿಕಕ್ಕೆ ಅಲ್ಲಿನ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಕಾರನ್ನು ಸುಮ್ನೆ ಒಯ್ಯಲು ಆಗುವುದಿಲ್ಲ, ಆದರೆ 25 ವರ್ಷ ತುಂಬಿದರೆ ಆಗುತ್ತದೆ. ಲೆಕ್ಕ ತಯಾರಾದ ತಿಂಗಳಿಂದ. 1988ರ ಕಾಯಿದೆಯಿಂದ ಬಂದ ಪದ್ಧತಿ ಇದು. 1999ರ ಜನವರಿಯಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ನಿಸಾನ್ ಸ್ಕೈಲೈನ್ ಆರ್34 ಜಿಟಿ-ಆರ್‌ಗಾಗಿ ಅಲ್ಲಿನ ಕಾರು ಹುಚ್ಚಿನವರು 2024ರವರೆಗೆ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು. ಕೆನಡಾದಲ್ಲಿ ಇದೇ ಲೆಕ್ಕ 15 ವರ್ಷ. ಅಂದರೆ ಈ ಎರಡು ದೇಶಗಳಿಗೆ ಕಾರು ಸಾಕಷ್ಟು ಮುದಿಯಾಗಿರಬೇಕು. ಕೀನ್ಯಾ ಉಲ್ಟಾ, ಎಂಟು ವರ್ಷ ದಾಟಿದ್ದು ಬೇಡ ಅನ್ನುತ್ತದೆ. ಭಾರತ ಇನ್ನೂ ಬಿಗಿ: ಹಳೆ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆಯೇ ಇರಬೇಕು. ಅದೇ ಕಾರು ಒಂದು ಕಡೆ ಹೆಚ್ಚು ಎಳೆಯದು, ಇನ್ನೊಂದು ಕಡೆ ಹೆಚ್ಚು ಮುದಿ. ನಮ್ಮ ದೇಶದಲ್ಲಿ ಪುಣ್ಯಕ್ಕೆ ವಯಸ್ಸಿನ ತಕರಾರು ಇರಲಿಲ್ಲ.

ನನ್ನನ್ನು ಹಿಡಿದದ್ದು ಎರಡನೆಯ ತಾರೀಖು. ಪರದೇಶದಲ್ಲಿ ಇದ್ದು ಮನೆಗೆ ಮರಳುವವರು ತಮ್ಮ ಸ್ವಂತ ಬಳಕೆಯ ಸಾಮಾನನ್ನು ಸುಂಕವಿಲ್ಲದೆ ತರಬಹುದು ಅನ್ನುವ ವಿನಾಯಿತಿ ಬಹಳ ದೇಶಗಳಲ್ಲಿದೆ. ಕಾರೂ ಅದರಲ್ಲಿ ಬರುತ್ತದೆ. ಆದರೆ ಷರತ್ತು ಇದೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಕನಿಷ್ಠ 12 ತಿಂಗಳು ಹೊರಗೆ ವಾಸವಿರಬೇಕು, ವಾಸ ಬಿಡುವ ಮೊದಲು ಆ ಕಾರು ಕನಿಷ್ಠ ಆರು ತಿಂಗಳು ನಿಮ್ಮ ಹತ್ತಿರ ಇದ್ದು ನೀವೇ ಬಳಸಿರಬೇಕು, ತಂದ ಮೇಲೆ 12 ತಿಂಗಳು ಮಾರಬಾರದು, ಬಾಡಿಗೆಗೆ ಕೊಡಬಾರದು, ಯಾರಿಗೂ ಎರವಲೂ ಕೊಡಬಾರದು. ಬ್ರಿಟನ್ನಿನದೂ ಹೆಚ್ಚುಕಡಿಮೆ ಇದೇ. ಆಸ್ಟ್ರೇಲಿಯಾದಲ್ಲಿ ಸ್ವಂತ ಕಾರನ್ನು ಒಯ್ಯುವ ದಾರಿಯಲ್ಲಿ ಹೋದರೆ 12 ತಿಂಗಳು ಹೊರಗೆ ಇಟ್ಟುಕೊಂಡು ಓಡಿಸಿರಬೇಕು, ಜೊತೆಗೆ ಕಾರು ಹಡಗು ಹತ್ತುವ ಮೊದಲೇ ಒಪ್ಪಿಗೆ ಪತ್ರ ಕೈಯಲ್ಲಿರಬೇಕು. ಈ ಷರತ್ತುಗಳ ಹಿಂದಿನ ತಲೆ ಅರ್ಥವಾಗುವಂಥದ್ದೇ. ಹೊರಡುವ ಹಿಂದಿನ ವಾರ ಅಗ್ಗದ ಕಾರು ಕೊಂಡು 'ನನ್ನ ಹಳೆ ಕಾರು' ಅಂತ ಒಳಗೆ ತಂದು ಮಾರುವವರನ್ನು ತಡೆಯಬೇಕಲ್ಲ.

ನಮ್ಮಲ್ಲೂ ಆರು ತಿಂಗಳು. ನಾನು ದುಡ್ಡು ಕೊಟ್ಟಿದ್ದು ಹೊರಡುವ ದಿನಕ್ಕೆ ಆರು ತಿಂಗಳು ಹತ್ತು ದಿನ ಮುಂಚೆ. ಬೇಕಾದಷ್ಟು ಆಯ್ತು ಅಂದುಕೊಂಡಿದ್ದೆ. ಅವರು ಲೆಕ್ಕ ಹಿಡಿದದ್ದು ಕಾರು ನನ್ನ ಹೆಸರಿಗೆ ಆದ ದಿನದಿಂದ. 33ರಲ್ಲಿ 10 ಕಳೆಯಿರಿ. 23 ದಿನ ಕಡಿಮೆ. ಒಂದು ಸೊನ್ನೆ ಓ ಆದದ್ದಕ್ಕೆ.

ಸುಂಕ ವಿನಾಯಿತಿಯ ಅರ್ಜಿ ತಳ್ಳಿಹಾಕಿದ ಪತ್ರ ಬಂದಾಗ ಕಾರು ನಡುಸಮುದ್ರದಲ್ಲಿತ್ತು. ವಾಪಸ್ ಕರೆಸುವ ಹಾಗಿಲ್ಲ, ಬೇಡ ಅನ್ನುವ ಹಾಗೂ ಇಲ್ಲ. ಒಪ್ಪಿಗೆ ಕೈಗೆ ಬರುವ ಮೊದಲೇ ಹಡಗು ಹತ್ತಿಸಿದ್ದು ನನ್ನದೇ ಅವಸರ, ಅದಕ್ಕೆ ಆ ವ್ಯಾಪಾರಿಯನ್ನು ಬಯ್ಯಲು ಆಗುವುದಿಲ್ಲ.

ಹಡಗಿನ ವಿಷಯಕ್ಕೆ ಬಂದೆ. ಎರಡು ದಾರಿ ಇವೆ. ಒಂದು, ಹಡಗಿನ ಹೊಟ್ಟೆಯೊಳಗೆ ಕಾರನ್ನು ಓಡಿಸಿಕೊಂಡೇ ಹೋಗಿ ಸಾಲಾಗಿ ನಿಲ್ಲಿಸುವುದು, ಆಚೆ ದಡದಲ್ಲಿ ಓಡಿಸಿಕೊಂಡೇ ಇಳಿಸುವುದು. ಇದಕ್ಕೆ ರೋ-ರೋ ಅನ್ನುತ್ತಾರೆ. ಸಾಮಾನ್ಯವಾಗಿ ಅಗ್ಗ. ಆದರೆ ಕೀಲಿ ಅವರ ಕೈಯಲ್ಲಿ ಬಿಡಬೇಕು, ಕಾರಿನೊಳಗೆ ಬೇರೆ ಸಾಮಾನು ತುಂಬಲು ಹೆಚ್ಚಾಗಿ ಬಿಡುವುದಿಲ್ಲ. ಎರಡನೆಯದು ಕಂಟೇನರ್. ಕಾರನ್ನು ಪೆಟ್ಟಿಗೆಯೊಳಗೆ ಹಗ್ಗ, ಮರದ ತುಂಡು ಹಾಕಿ ಬಿಗಿದು ಬೀಗ ಹಾಕುತ್ತಾರೆ. ಎರಡರಲ್ಲೂ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಡೀಸೆಲ್ ಇರಬಾರದು ಅಂತ ಹೇಳಿದರು. ನಾನು ಆರಿಸಿದ್ದು ರೋ-ರೋ. ಬಂದರಿನ ಬಯಲಿನಲ್ಲಿ ನೂರಾರು ಹಳೆ ಕಾರುಗಳ ನಡುವೆ ನಮ್ಮದನ್ನು ಬಿಟ್ಟು ಬಂದೆ. ಅಲ್ಲಿದ್ದ ಬೇರೆ ಯಾವ ಕಾರಿಗೂ ನನ್ನ ಥರ ತಿರುಗಿ ತಿರುಗಿ ನೋಡುವ ಒಡೆಯ ಇರಲಿಲ್ಲ. ಅವೆಲ್ಲ ವ್ಯಾಪಾರದ ಸರಕು. 2015ರಿಂದ 2018ರವರೆಗೆ ಜಗತ್ತಿನಲ್ಲಿ 1 ಕೋಟಿ 40 ಲಕ್ಷ ಹಳೆಯ ಲಘು ವಾಹನಗಳು ಗಡಿ ದಾಟಿದವು ಅಂತ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರ ವರದಿಯಲ್ಲಿ ಹೇಳಿದೆ. ಹೋದದ್ದು ಹೆಚ್ಚಾಗಿ ಜಪಾನ್, ಯುರೋಪ್, ಅಮೆರಿಕಗಳಿಂದ, ಎಲ್ಲಕ್ಕಿಂತ ಜಾಸ್ತಿ ಆಫ್ರಿಕಾಕ್ಕೆ, ನೂರಕ್ಕೆ ಸುಮಾರು 40.

ಇನ್ಶೂರೆನ್ಸ್ ಬೇಡ, ಹದಿನೈದಿಪ್ಪತ್ತು ದಿನದ ಪಯಣ ತಾನೇ ಅಂತ ನನಗೂ ಅನಿಸಿತ್ತು. ಮಾಡಿಸಿದ್ದು ಫೆಲಿಸಿಟಿ ಏಸ್ ಹಡಗಿನ ಸುದ್ದಿ ನೆನಪಿದ್ದುದರಿಂದ. 2022ರ ಫೆಬ್ರವರಿಯಲ್ಲಿ ಸುಮಾರು ನಾಲ್ಕು ಸಾವಿರ ಕಾರು ಹೊತ್ತಿದ್ದ ಆ ಹಡಗಿಗೆ ಅಜೋರ್ಸ್ ದ್ವೀಪಗಳ ಹತ್ತಿರ ಬೆಂಕಿ ಬಿದ್ದು, ಎರಡು ವಾರದ ಹೊತ್ತಿಗೆ ಅದು ಮುಳುಗಿಯೇ ಹೋಯಿತು. ಸಿಬ್ಬಂದಿ ಎಲ್ಲರೂ ಉಳಿದರು. ಇನ್ನೊಂದು ವಿಚಿತ್ರ ಕೇಳಿ. ನಿಮ್ಮ ಕಾರಿಗೆ ಗೀರು ಬೀಳದಿದ್ದರೂ ನೀವು ದುಡ್ಡು ಕಟ್ಟಬೇಕಾಗಬಹುದು. ಹಡಗು ಅಪಾಯದಲ್ಲಿದ್ದಾಗ ಅದನ್ನು ಉಳಿಸಲು ಆದ ಖರ್ಚು, ಎಸೆದ ಸರಕಿನ ನಷ್ಟ, ಇವನ್ನು ಹಡಗಿನ ಒಡೆಯರೂ ಸರಕಿನವರೂ ತಮ್ಮ ತಮ್ಮ ಪಾಲಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು ಅನ್ನುವುದು ಕಡಲ ವ್ಯಾಪಾರದ ಬಹಳ ಹಳೆಯ ಪದ್ಧತಿ. ಜನರಲ್ ಆವರೇಜ್ ಅಂತ ಅದರ ಹೆಸರು. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ಒಡೆಯರು ಇದನ್ನೇ ಘೋಷಿಸಿದರು. ಪಾಲು ಕಟ್ಟುವವರೆಗೆ, ಇಲ್ಲ ಗ್ಯಾರಂಟಿ ಕೊಡುವವರೆಗೆ ಸರಕು ಬಿಡುವುದಿಲ್ಲ. ಇನ್ಶೂರೆನ್ಸ್ ಇದ್ದರೆ ಅದು ಅವರ ತಲೆನೋವು.

ಕಾರು ತೊಳೆಯುವುದೂ ಒಂದು ದೊಡ್ಡ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ಚೆಂದಕ್ಕಲ್ಲ. ಚಕ್ರದ ಮೇಲಿನ ಗೂಡಿನಲ್ಲಿ ಮೆತ್ತಿದ ಮಣ್ಣು, ರೇಡಿಯೇಟರಿನಲ್ಲಿ ಸಿಕ್ಕಿದ ಹುಳ, ಕಾರ್ಪೆಟಿನ ಕೆಳಗಿನ ಒಣ ಎಲೆ, ಇವೆಲ್ಲ ಬೇರೆ ದೇಶದ ಹೊಲ ತೋಟಗಳಿಗೆ ಅಪಾಯ. 2018ರಲ್ಲಿ ಜಪಾನಿನಿಂದ ಹೊರಟ ಕೆಲವು ಕಾರು ಹಡಗುಗಳನ್ನು ನ್ಯೂಜಿಲೆಂಡ್ ಇಳಿಸಲು ಬಿಡದೆ ವಾಪಸ್ ಕಳಿಸಿತು. ಕಾರಣ ಒಂದು ಜಾತಿಯ ದುರ್ವಾಸನೆಯ ತಿಗಣೆ. ಆಸ್ಟ್ರೇಲಿಯಾದಲ್ಲಿ ಇನ್ನೊಂದು ಗಂಡಾಂತರ, ಕಲ್ನಾರು, ಅಂದರೆ ಆಸ್ಬೆಸ್ಟಾಸ್. 2003ರ ಕೊನೆಯಿಂದ ಅಲ್ಲಿ ಅದಕ್ಕೆ ಪೂರ್ತಿ ನಿಷೇಧ ಇದೆ, ಹಳೆ ಕಾಲದ ಕಾರಿನ ಬ್ರೇಕ್ ಲೈನಿಂಗಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಚೂರು ಸಿಕ್ಕಿದರೂ ಮುಗೀತು. ನಮ್ಮದು ಅಷ್ಟು ಹಳೆಯದಲ್ಲ. ಆದರೂ ನಾನು ಒಂದು ಭಾನುವಾರ ಪೂರ್ತಿ ಹಳೆ ಹಲ್ಲುಜ್ಜುವ ಬ್ರಶ್ಶು ಹಿಡಿದು ಕಾರಿನ ಕೆಳಗೆ ಮಲಗಿದ್ದೆ.

ಮುಖ್ಯವಾದ ಇನ್ನೊಂದನ್ನು ಮರೆತೆ: ಹೊರಡುವ ದೇಶದ ಕಾಗದ. ಬರುವ ದೇಶದ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಬಿಡುವ ದೇಶದ ಬಗ್ಗೆ ಯಾರೂ ಇಲ್ಲ. ಅಮೆರಿಕದಿಂದ ಕಾರು ಹೊರಗೆ ಕಳಿಸುವುದಾದರೆ ರಫ್ತಿಗೆ 72 ಗಂಟೆ ಮೊದಲು ಮಾಲೀಕತ್ವದ ಮೂಲ ಕಾಗದವನ್ನು ಕಸ್ಟಮ್ಸ್‌ಗೆ ತೋರಿಸಬೇಕು, ಕದ್ದ ಕಾರು ಹೊರಗೆ ಹೋಗಬಾರದು ಅಂತ. ಜರ್ಮನಿಯಲ್ಲಿ ರಫ್ತಾಗುವ ಕಾರಿಗೆ ಬೇರೆಯೇ ನಂಬರ್ ಪ್ಲೇಟು, ಅದರ ಬಲತುದಿಯ ಕೆಂಪು ಪಟ್ಟಿಯಲ್ಲಿ ಅವಧಿ ಮುಗಿಯುವ ತಾರೀಖು ಬರೆದಿರುತ್ತದೆ. ಜಪಾನಿನಲ್ಲಿ ರಫ್ತಿಗಾಗಿ ನೋಂದಣಿ ರದ್ದು ಮಾಡಿದ ಪತ್ರ ಬೇಕು. ನಾನು ಕಾರನ್ನು ಹಡಗು ಹತ್ತಿಸಿ ಬಂದೆ, ಹಳೆ ನೋಂದಣಿ ರದ್ದು ಮಾಡಿಸುವ ಒಂದು ಹಾಳೆ ತುಂಬಲು ಮರೆತೆ. ಮನೆಗೆ ಬಂದು ನಾಲ್ಕು ತಿಂಗಳಿಗೆ ಆ ದೇಶದಿಂದ ರಸ್ತೆ ತೆರಿಗೆ ಬಾಕಿ ಅಂತ ಪತ್ರ ಬಂತು. ಅವರ ಪ್ರಕಾರ ಕಾರು ಇನ್ನೂ ಅಲ್ಲೇ ಓಡುತ್ತಿತ್ತು.

ಈಗ ದುಡ್ಡು. ಸುಂಕ ಅಂದರೆ ಕೊಂಡ ಬೆಲೆಯ ಮೇಲೆ ಇಷ್ಟು ಪಾಲು ಅಂತ ನಾನು ಲೆಕ್ಕ ಹಾಕಿದ್ದೆ. ತಪ್ಪು. ಬಹಳ ಕಡೆ ಕಾರಿನ ಬೆಲೆಗೆ ಹಡಗಿನ ಬಾಡಿಗೆ, ಇನ್ಶೂರೆನ್ಸ್ ಕೂಡಿಸಿ, ಆ ಮೊತ್ತಕ್ಕೆ ಸುಂಕ ಹಾಕುತ್ತಾರೆ. ಆಮೇಲೆ ಸುಂಕವನ್ನೂ ಸೇರಿಸಿದ ಮೊತ್ತಕ್ಕೆ ಮಾರಾಟ ತೆರಿಗೆ. ಅಂದರೆ ತೆರಿಗೆಯ ಮೇಲೆ ತೆರಿಗೆ. ಉದಾಹರಣೆಗೆ ಕಾರು 100, ಸಾಗಣೆ ಎಲ್ಲ ಸೇರಿ 20 ಅನ್ನಿ. 120 ಆಯಿತು. ಸುಂಕ ನೂರಕ್ಕೆ 10 ಅಂದರೆ 132. ಅದರ ಮೇಲೆ ತೆರಿಗೆ ನೂರಕ್ಕೆ 20 ಅಂದರೆ 158 ದಾಟುತ್ತದೆ. ನೋಂದಣಿ, ತಪಾಸಣೆ, ರಿಪೇರಿ ಇನ್ನೂ ಶುರುವೇ ಆಗಿಲ್ಲ. ಅದರ ಮೇಲೆ, ಆ 100 ಅನ್ನುವುದನ್ನು ಅವರು ಒಪ್ಪಬೇಕಲ್ಲ. ನನ್ನ ಬಿಲ್ಲಿನಲ್ಲಿದ್ದ ಬೆಲೆ ಕಡಿಮೆಯಾಯಿತು ಅಂತ ಅಧಿಕಾರಿಗೆ ಅನಿಸಿತು. ಚೌಕಾಸಿ ಮಾಡಿ ತಗೊಂಡಿದ್ದು ಸ್ವಾಮಿ ಅಂದರೆ ನಗುತ್ತಾರೆ. ಬ್ಯಾಂಕಿನಿಂದ ದುಡ್ಡು ಹೋದ ದಾಖಲೆ ತೋರಿಸಿದ ಮೇಲೆ ಒಪ್ಪಿದರು. ಪೂರ್ತಿ ನಗದು ಕೊಟ್ಟು ಕೊಂಡಿದ್ದರೆ ಏನು ತೋರಿಸುತ್ತಿದ್ದೆನೋ. ಈ ಓಡಾಟದ ನಡುವೆ ಬಂದರಿನ ಉಚಿತ ದಿನಗಳು ಮುಗಿದು, ಕಾರು ನಿಂತ ಜಾಗಕ್ಕೆ ದಿನಬಾಡಿಗೆ ಏರುತ್ತಿತ್ತು. ಬ್ಯಾಟರಿ ಸತ್ತಿತ್ತು. ಹೊರಗೆ ತಂದದ್ದು ತಳ್ಳಿಕೊಂಡೇ.

ಸ್ಟೀರಿಂಗ್ ಬದಿಯ ಬಗ್ಗೆ ಜನ ಕೇಳುವ ಹೆದರಿಕೆಯಲ್ಲಿ ಅರ್ಧ ನಿಜ. ಊರೊಳಗೆ ಒಂದು ವಾರದಲ್ಲಿ ಕೈ ಕೂರುತ್ತದೆ. ಎರಡೇ ಪಥದ ರಸ್ತೆಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಮಾತ್ರ ಕಷ್ಟ. ಎದುರು ಏನು ಬರುತ್ತಿದೆ ಅಂತ ನೋಡಲು ಇಡೀ ಕಾರನ್ನೇ ಹೊರಗೆ ಚಾಚಬೇಕು. ಹೆಂಡತಿ ಪಕ್ಕದಲ್ಲಿದ್ದರೆ 'ಈಗ ಬೇಡ, ಬೇಡ... ಹೂಂ, ಹೋಗ್ರಿ' ಅಂತ ಹೇಳುತ್ತಾಳೆ. ಒಬ್ಬನೇ ಇದ್ದರೆ ಲಾರಿ ಹಿಂದೆಯೇ ಹೋಗುತ್ತೇನೆ. ಟೋಲ್‌ನಲ್ಲಿ ಆ ಕಡೆಗೆ ಒರಗಿ ಕೈ ಚಾಚುವುದು ಈಗ ರೂಢಿಯಾಗಿದೆ.

ನಾನಾದರೂ ಒಬ್ಬ. ಮ್ಯಾನ್ಮಾರ್ 1970ರಲ್ಲಿ ಎಡದಿಂದ ಬಲಕ್ಕೆ ಬದಲಾಯಿತು, ಆದರೆ ಅಲ್ಲಿಗೆ ಬಂದ ಕಾರುಗಳೆಲ್ಲ ಹೆಚ್ಚಾಗಿ ಜಪಾನಿನ ಹಳೆಯವು. ಇಡೀ ದೇಶ ದಶಕಗಳ ಕಾಲ ತಪ್ಪು ಬದಿಯ ಸ್ಟೀರಿಂಗ್ ಹಿಡಿದೇ ಓಡಿಸಿತು, ಬಸ್ಸುಗಳ ಬಾಗಿಲು ರಸ್ತೆ ನಡುವಿಗೆ ತೆರೆಯುತ್ತಿದ್ದವು. ರಷ್ಯಾದ ಪೂರ್ವ ತುದಿಯ ವ್ಲಾಡಿವೊಸ್ಟಾಕ್‌ನಲ್ಲೂ ಅಷ್ಟೇ, ಹಳೆ ಜಪಾನಿ ಕಾರುಗಳದೇ ದರ್ಬಾರು. ಸರ್ಕಾರ ಅವುಗಳ ಸುಂಕ ಏರಿಸಲು ಹೊರಟಾಗ 2008ರ ಡಿಸೆಂಬರಿನಲ್ಲಿ ಅಲ್ಲಿನ ಜನ ಬೀದಿಗೇ ಇಳಿದರು. ನನಗೆ ಎಲ್ಲಕ್ಕಿಂತ ಇಷ್ಟ ಸಮೋವಾದ ಕಥೆ. ಆ ಪುಟ್ಟ ದ್ವೀಪದೇಶ 2009ರ ಸೆಪ್ಟೆಂಬರ್ 7ರಂದು ಬಲದಿಂದ ಎಡಕ್ಕೆ ತಿರುಗಿತು. ಮುಖ್ಯ ಕಾರಣ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿರುವ ನೆಂಟರಿಷ್ಟರು ಅಗ್ಗದ ಹಳೆ ಕಾರುಗಳನ್ನು ಊರಿಗೆ ಕಳಿಸಲು ಅನುಕೂಲ ಆಗಲಿ ಅಂತ. ಕಾರನ್ನು ದೇಶಕ್ಕೆ ಹೊಂದಿಸಲು ನಾವೆಲ್ಲ ಒದ್ದಾಡುತ್ತೇವೆ. ಅವರು ರಸ್ತೆಯನ್ನೇ ಕಾರಿಗೆ ಹೊಂದಿಸಿದರು.

ಸಣ್ಣಪುಟ್ಟವು ಎಷ್ಟೋ ಇವೆ, ಎಲ್ಲ ಬರೆದರೆ ಮುಗಿಯುವುದಿಲ್ಲ. ಜಪಾನಿನ ಕಾರು ತಂದವರ ರೇಡಿಯೋದಲ್ಲಿ ಬಹಳ ಸ್ಟೇಷನ್ ಸಿಗುವುದಿಲ್ಲ, ಅಲ್ಲಿನ ಎಫ್‌ಎಂ 76 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತದೆ, ಬೇರೆ ಕಡೆ 88ರ ಆಸುಪಾಸಿನಿಂದ. ಕರೆಂಟಿನ ಕಾರಾದರೆ ಚಾರ್ಜಿಂಗ್ ಪಿನ್ನೇ ಬೇರೆ ಇರಬಹುದು. ಬಿಡಿಭಾಗ ಬೇಕಾದರೆ ನನ್ನ ಮೆಕ್ಯಾನಿಕ್ 'ಈ ನಂಬರ್ ನಮ್ಮ ಸಿಸ್ಟಮ್ಮಲ್ಲಿ ಇಲ್ಲ ಸರ್' ಅನ್ನುತ್ತಾನೆ. ಅದೇ ಎಂಜಿನ್ ಇಲ್ಲಿ ಬೇರೆ ಮಾದರಿಯೊಂದರಲ್ಲಿ ಬಂದಿದೆ ಅಂತ ಹುಡುಕಿ ಹೇಳಿದ್ದು ನಾನೇ. ಹೊರಡುವ ಮೊದಲು ಟೈಮಿಂಗ್ ಬೆಲ್ಟು, ಬ್ರೇಕ್ ಪ್ಯಾಡು ಅಲ್ಲೇ ಹಾಕಿಸಿಕೊಂಡು, ಇನ್ನೊಂದೊಂದು ಜೊತೆ ಸಾಮಾನಿನ ಪೆಟ್ಟಿಗೆಯಲ್ಲಿ ತಂದಿದ್ದೆ. ಇಡೀ ವ್ಯವಹಾರದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ ಇರಬೇಕು.

ಒಟ್ಟು ಎಷ್ಟು ಬಿತ್ತು? ಕಾರು ಕೊಂಡ ಬೆಲೆಯ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ಆ 23 ದಿನ ಇದ್ದಿದ್ದರೆ ಇಲ್ಲೇ ಅಂಥದ್ದೊಂದು ಹಳೆ ಕಾರು ಕೊಳ್ಳುವುದಕ್ಕೂ ಇದಕ್ಕೂ ಸರಿಸಮ ಆಗುತ್ತಿತ್ತು. ಲಾಭ ಅಂತೂ ಆಗಲೂ ಇರುತ್ತಿರಲಿಲ್ಲ. ಹೆಂಡತಿ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕಾರಿನ ಕಾಗದಗಳ ಜೊತೆ ಇಟ್ಟಿದ್ದಾಳೆ. ಕಾರಿನಲ್ಲಿ ದೂರ ಹೋಗುವಾಗ ಹಿಂದಿನ ಸೀಟು ಮಡಚಿ ಮೊದಲು ಮಲಗುವವಳೂ ಅವಳೇ.

ಮೊನ್ನೆ ಪರದೇಶದಲ್ಲಿರುವ ಸ್ನೇಹಿತನೊಬ್ಬ ಫೋನ್ ಮಾಡಿ, ಒಂದು ಕಾರು ಕಣ್ಣಿಗೆ ಬಿದ್ದಿದೆ, ಮುಂದಿನ ವರ್ಷ ಮನೆಗೆ ತರಬೇಕು ಅಂದುಕೊಂಡಿದ್ದೇನೆ, ಎಂಜಿನ್ ಶಬ್ದ ರೆಕಾರ್ಡ್ ಮಾಡಿ ಕಳಿಸಲಾ ಅಂತ ಕೇಳಿದ. ಶಬ್ದ ಬೇಡ ಮಾರಾಯ, ಬಿಲ್ಲಿನ ಫೋಟೋ ಕಳಿಸು ಅಂದೆ.

ಒಂದು ಕೆಲಸ ಮಾತ್ರ ಬಹಳ ದಿನ ಬಾಕಿ ಉಳಿದಿತ್ತು. ಕಾರಿನ ಲೋ ಬೀಮ್ ಬೆಳಕು ಎರಡೂ ಬದಿಗೆ ಒಂದೇ ಎತ್ತರದಲ್ಲಿ ಬೀಳುವುದಿಲ್ಲ. ರಸ್ತೆ ಅಂಚಿನ ಕಡೆಗೆ ಸ್ವಲ್ಪ ಮೇಲೆ, ಎದುರು ಬರುವವರ ಕಡೆಗೆ ಕೆಳಗೆ. ಇನ್ನೊಂದು ಬದಿಯ ದೇಶಕ್ಕೆ ಬಂದರೆ ಅದು ಉಲ್ಟಾ ಆಗಿ ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ತಪಾಸಣೆಯಲ್ಲಿ ಇದೇ ಕಾರಣಕ್ಕೆ ಫೇಲ್ ಮಾಡಿ ಹೊಸ ಹೆಡ್‌ಲೈಟ್ ಹಾಕಿಸಲು ಗಡುವು ಕೊಟ್ಟಿದ್ದರು. ಈ ಕಡೆಯ ಜೊತೆ ಹುಡುಕಿ ತರಿಸಲು ಐದು ವಾರ ಹಿಡಿಯಿತು. ಅಷ್ಟು ದಿನ ಗಾಜಿಗೆ ಕಪ್ಪು ಟೇಪು ಅಂಟಿಸಿ, ಕತ್ತಲಾಗುವುದರೊಳಗೆ ಮನೆ ಸೇರುತ್ತಿದ್ದೆ. ಹೊತ್ತು ಮೀರಿದ ದಿನ ಎದುರಿನವರು ಒಬ್ಬರಾದ ಮೇಲೆ ಒಬ್ಬರು ಲೈಟು ಮಿಣುಕಿಸಿ ಬಯ್ಯುತ್ತಿದ್ದರು. ಹೊಸ ಲೈಟು ಹಾಕಿಸಿದ ಸಂಜೆ ಊರಾಚೆಯ ರಸ್ತೆಯಲ್ಲಿ ಬೇಕೆಂದೇ ಒಂದು ಗಂಟೆ ಓಡಿಸಿದೆ. ಯಾರೂ ಮಿಣುಕಿಸಲಿಲ್ಲ.